ಸೆಪ್ಟೆಂಬರ್ 8ಕ್ಕೆ ಕೊಟ್ಟಿಗೆಹಾರ, ಎಲ್ರೂ ಓದಿ

ಫ್ರೆಂಡ್ಸ್, ನಮ್ಮ ಲೇಖಕ ಪೂರ್ಣಚಂದ್ರ ತೇಜಸ್ವಿಯವರ ಹುಟ್ಟುಹಬ್ಬಕ್ಕೆ ಈ ಸಲನೂ ಮೂಡಿಗೆರೆ ಕಡೆ ಹೊರಡೋಣ, ಕೊಟ್ಟಿಗೆಹಾರದಲ್ಲಿ ಅವರ ಹೆಸರಿನ ಪ್ರತಿಷ್ಠಾನಕ್ಕೆ ಹೋಗಿ ಅಲ್ಲಿಂದ ಕಾಡಿನ ದಾರೀಲಿ ಸ್ವಲ್ಪ ನಡಿಯೋದು. ಬರೋರು ಶುಕ್ರವಾರದೊಳಗೆ ಹೆಸರು ಹಾಕಿ, ಗಾಡಿ ಲೆಕ್ಕ ಹಾಕ್ಬೇಕು. ಮಳೆ ಇರತ್ತೆ, ಜಿಗಣೆನೂ ಇರತ್ತೆ, ಉದ್ದ ಸಾಕ್ಸ್ ಮರೀಬೇಡಿ.

ಹೊಸಬರು ಒಬ್ರು ಕೇಳಿದ್ರು, 2007ರಲ್ಲೇ ಹೋದವರಿಗೋಸ್ಕರ ಪ್ರತಿ ವರ್ಷ ಯಾಕೆ ಇಷ್ಟು ದೂರ ಅಂತ. ನನ್ ವಿಷಯ ಹೇಳ್ತೀನಿ. ಪಿಯುಸೀಲಿ, ಹಾರೋ ಓತಿ ಹುಡುಕೋ ಅವರ ಕಾದಂಬರಿ ಕರ್ವಾಲೊ ಓದೋವರೆಗೂ ನಮ್ಮನೆ ಅಡಿಕೆ ತೋಟ ನನಗೆ ಬರೀ ಕೆಲಸದ ಜಾಗ ಆಗಿತ್ತು, ಆಮೇಲೆ ದಿನಾ ಸಂಜೆ ಕತ್ತೆತ್ತಿ ಮರ ನೋಡ್ತಾ ನಿಂತೆ, ಮೂರನೇ ವಾರ ತೊಗಟೆಗೆ ಅಂಟಿಕೊಂಡಿದ್ದ ಒಂದು ಓತಿ ಗಂಟಲ ಕೆಳಗಿನ ಹಳದಿ ಚರ್ಮ ಪಟಪಟ ಅಂತ ಬಿಚ್ಚಿ ಮುಚ್ಚಿ ಮಾಡ್ತು, ಪಕ್ಕೆ ಅಗಲಿಸಿ ಪಕ್ಕದ ಮರಕ್ಕೆ ತೇಲಿ ಹೋಯ್ತು, ನಾನು ಅಲ್ಲೇ ಕೂತು ಅತ್ತೆ. ಇವತ್ತು ನಾನು ಹಕ್ಕಿ ಲೆಕ್ಕ ಬರೆಯೋದು, ತೋಟಕ್ಕೆ ಕಳೆನಾಶಕ ಹೊಡಿಯೋದು ಬಿಟ್ಟಿದ್ದು ಎಲ್ಲಾ ಆ ಸಂಜೆಯಿಂದ.

ಮತ್ತೆ ನೀವು. ಅಪ್ಪನ ಆಪರೇಷನ್ ದಿನ ರಕ್ತ ಕೊಡೋಕೆ ರಾತ್ರಿ ಬಸ್ಸಲ್ಲಿ ಬಂದೋರು ಇದೇ ಗುಂಪಿನವರು, ಅಲ್ಲಿವರೆಗೂ ಮುಖ ಕೂಡ ನೋಡಿರ್ಲಿಲ್ಲ.

ಬರುವಾಗ ತೇಜಸ್ವಿ ಪುಸ್ತಕದ ನಿಮ್ಮ ಹಳೇ ಪ್ರತಿ ತನ್ನಿ, ಗೀಟು ಹಾಕಿದ್ದು, ಕಾಫಿ ಕಲೆ ಆಗಿದ್ದು ಯಾವುದಾದ್ರೂ ಸರಿ. ಒಬ್ಬೊಬ್ರು ಒಂದು ಪುಟ ಓದೋಣ. ಕಿವಿ ಅನ್ನೋ ನಾಯಿ ಬರೋ ಪುಟ ನಂದು, ಈಗ್ಲೇ ಹೇಳಿದೀನಿ.