ಯಾಕೆ ಬೇಡ ಅಂದೆವು ಎಂದು ಹುಡುಗರಿಗೆ ಹೇಳಿಬಿಡಿ

ಮಾನ್ಯರೇ,

ಪೀಣ್ಯದ ಒಂದು ಬಿಡಿಭಾಗಗಳ ಕಾರ್ಖಾನೆಯಲ್ಲಿ ನಾನು ಎಚ್‌ಆರ್. ಇಪ್ಪತ್ತೆರಡು ವರ್ಷವಾಯಿತು. ದೊಡ್ಡ ಕಂಪನಿ ಏನಲ್ಲ, ಮೂರು ಶಿಫ್ಟ್ ಸೇರಿ 340 ಜನ. ಸಂಜೆ ಕ್ಯಾಂಟೀನಿನಲ್ಲಿ ಬೋಂಡಾ ಬೇಗ ಖಾಲಿಯಾದರೆ ಆ ದೂರೂ ನನ್ನ ಟೇಬಲ್ಲಿಗೇ ಬರುತ್ತದೆ. ಅಂಥ ಎಚ್‌ಆರ್.

ಈ ಕಾಗದ ಬರೆಯಲು ಕಾರಣ ಒಬ್ಬ ಹುಡುಗ. ಅವನ ಹೆಸರು, ಊರು ಬೇಡ. ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದ್ದ. ಕ್ವಾಲಿಟಿ ಇನ್‌ಸ್ಪೆಕ್ಟರ್ ಕೆಲಸಕ್ಕೆ ಬಂದಿದ್ದ. ಒಂದು ಶಾಫ್ಟ್ ಕೊಟ್ಟು ಅಳತೆ ಹೇಳು ಅಂದೆವು. ಅವನು ಮೊದಲು ಮೈಕ್ರೊಮೀಟರನ್ನು ಒರೆಸಿದ. ಬರಿದೇ ಮುಚ್ಚಿ, ಸೊನ್ನೆ ಸರಿಯಾಗಿ ಕೂರುತ್ತಾ ಎಂದು ನೋಡಿದ. ಆಮೇಲೆ ಅಳೆದ. ಇದನ್ನು ಮರೆಯುವ ಹುಡುಗರೇ ಜಾಸ್ತಿ. ನಮ್ಮ ಕ್ವಾಲಿಟಿ ಮ್ಯಾನೇಜರ್ ನನ್ನ ಕಡೆ ನೋಡಿ ತಲೆಯಾಡಿಸಿದರು. ತಿಂಗಳಿಗೆ 23 ಸಾವಿರ ಎಂದು ಮಾತಾಯಿತು. ಆಫರ್ ಲೆಟರ್ ಟೈಪ್ ಆಗಿತ್ತು, ಸಹಿ ಒಂದು ಬಾಕಿ.

ಮಾರನೇ ದಿನ ನಮ್ಮ ಲೈನ್ ಲೀಡರ್ ಬಂದರು. ಹದಿನೈದು ವರ್ಷದಿಂದ ನಮ್ಮಲ್ಲೇ ಇರುವ ಹೆಣ್ಣುಮಗಳು. ಆ ಹುಡುಗ ಇವರ ಕೈಕೆಳಗೇ ಕೆಲಸ ಮಾಡಬೇಕಿತ್ತು. ಏನೂ ಹೇಳದೆ ಮೊಬೈಲ್ ನನ್ನ ಮುಂದಿಟ್ಟರು. ಬಸ್ ಓಡಿಸುವ ಹೆಣ್ಣುಮಗಳೊಬ್ಬಳ ಫೋಟೊ, ಅದರ ಕೆಳಗೆ ಇವನ ಎರಡು ಸಾಲು. ಅದನ್ನು ನಾನು ಇಲ್ಲಿ ಬರೆಯಲಾರೆ, ನೀವೂ ಅಚ್ಚು ಹಾಕಲಾರಿರಿ. ಒಂದೇ ಆಗಿದ್ದರೆ ಕಂಡೂ ಕಾಣದ ಹಾಗೆ ಇರುತ್ತಿದ್ದೆನೋ ಏನೋ. ಎಂಟಿದ್ದವು. ಅದರಲ್ಲಿ ಮೂರು ಸುದ್ದಿಪತ್ರಿಕೆಗಳ ಫೇಸ್‌ಬುಕ್ ಪುಟದ ಕೆಳಗೇ ಇದ್ದವು. ‘ನಮ್ಮ ಪತ್ರಿಕೆಯದೂ ಇತ್ತಾ’ ಎಂದು ಮಾತ್ರ ನೀವು ಕೇಳಬೇಡಿ. ಪ್ರೊಫೈಲ್ ಫೋಟೊದಲ್ಲಿ ಹಳೆಯ ಕಂಪನಿಯ ಟ್ಯಾಗ್ ಕೊರಳಲ್ಲೇ ಇತ್ತು. ದೊಡ್ಡದು ಮಾಡಿ ನೋಡಿದರೆ ಲೋಗೊ ಓದಬಹುದಿತ್ತು.

‘ಮೇಡಂ, ಈ ರಿಪೋರ್ಟ್ ಸರಿಯಿಲ್ಲ, ಇನ್ನೊಂದ್ಸಲ ಅಳತೆ ಮಾಡು ಅಂತ ನಾನು ಹೇಳಿದ್ರೆ ಇವನು ಕೇಳ್ತಾನಾ?’ ಅಂದರು ಅವರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ನಾವೇನೂ ಪತ್ತೇದಾರಿ ಮಾಡಿಸಿದ್ದಲ್ಲ. ನಮ್ಮ ಅಧಿಕೃತ ವೆರಿಫಿಕೇಶನ್ ಅಂದರೆ ಮಾರ್ಕ್ಸ್ ಕಾರ್ಡ್, ವಿಳಾಸ, ಹಳೆಯ ಕಂಪನಿಯ ರಿಲೀವಿಂಗ್ ಲೆಟರ್, ಅಷ್ಟೇ. ಆದರೆ ಹೊಸಬ ಬರ್ತಾನಂತೆ ಎಂದು ಗೊತ್ತಾದ ಕೂಡಲೇ ಶಾಪ್‌ಫ್ಲೋರಿನಲ್ಲಿ ಯಾರಾದರೂ ಒಬ್ಬರು ಹೆಸರು ಹುಡುಕಿಯೇ ಹುಡುಕುತ್ತಾರೆ. ಸಂಬಂಧ ಕುದುರುವ ಮುಂಚೆ ಎರಡೂ ಕಡೆಯವರು ಊರಲ್ಲಿ ವಿಚಾರಿಸುವುದಿಲ್ಲವೇ, ಹಾಗೆ. ಕೆಲಸ ತಪ್ಪುವುದು ಹೆಚ್ಚಾಗಿ ಇಲ್ಲೇ. ಫೈಲಿನಲ್ಲಿ ಇದರ ಸುಳಿವೂ ಇರುವುದಿಲ್ಲ.

ನಾನು ಮಾಡಿದ್ದೇನು? ಎಲ್ಲರೂ ಮಾಡುವುದನ್ನೇ ಮಾಡಿದೆ. ‘ನಿಮ್ಮ ಪ್ರೊಫೈಲ್ ಹೋಲ್ಡ್‌ನಲ್ಲಿದೆ, ತಿಳಿಸುತ್ತೇವೆ’ ಎಂದು ಮೆಸೇಜ್ ಕಳಿಸಿದೆ. ನಮ್ಮ ಕಸುಬಿನಲ್ಲಿ ಹೋಲ್ಡ್ ಅಂದರೆ ಇಲ್ಲ ಎಂದೇ ಅರ್ಥ. ಅದು ಹುಡುಗರಿಗೆ ಗೊತ್ತಿರುವುದಿಲ್ಲ. ಅವನು ನಾಲ್ಕು ಸಲ ಫೋನ್ ಮಾಡಿದ. ನಾನು ಎತ್ತಲಿಲ್ಲ. ಐದನೇ ಸಲ ಅವನ ಅಪ್ಪ ಬೇರೆ ನಂಬರಿನಿಂದ ಮಾಡಿದರು.

‘ಅಮ್ಮಾ, ನನ್ನ ಮಗ ಏನಾದ್ರೂ ತಪ್ಪು ಮಾತಾಡಿದ್ನಾ? ಮನೇಲಿ ಅವನು ಜೋರಾಗಿ ಮಾತೇ ಆಡಲ್ಲ’ ಅಂದರು. ಆಮೇಲೆ ದನಿ ತಗ್ಗಿಸಿ, ‘ದುಡ್ಡೇನಾದ್ರೂ ಕೊಡಬೇಕಿತ್ತಾ?’ ಎಂದು ಕೇಳಿದರು.

ಇಪ್ಪತ್ತೆರಡು ವರ್ಷದಲ್ಲಿ ಆ ಮಾತು ನನ್ನನ್ನು ಯಾರೂ ಕೇಳಿರಲಿಲ್ಲ. ರಾತ್ರಿ ಊಟ ಸೇರಲಿಲ್ಲ. ನಾನು ಬಾಯಿ ಬಿಡದಿದ್ದುದಕ್ಕೆ ಆ ಮನುಷ್ಯ ತನಗೆ ತೋಚಿದ ಕಾರಣ ಹುಡುಕಿಕೊಂಡಿದ್ದರು. ನಮ್ಮ ನಾಡಿನಲ್ಲಿ ಕೆಲಸ ತಪ್ಪಿದರೆ ಲಂಚವೋ ಜಾತಿಯೋ ಇರಬೇಕು ಎಂದು ಜನ ಅಂದುಕೊಂಡರೆ ಅವರನ್ನು ಬಯ್ಯುವ ಹಾಗೂ ಇಲ್ಲ.

ಮರುದಿನ ನಾನೇ ಹುಡುಗನಿಗೆ ಫೋನ್ ಮಾಡಿ ವಿಷಯ ಹೇಳಿದೆ. ಮೊದಲು ‘ಅಕೌಂಟ್ ಹ್ಯಾಕ್ ಆಗಿತ್ತು ಮೇಡಂ’ ಅಂದ. ಎಲ್ಲರದೂ ಹ್ಯಾಕೇ ಆಗಿರುತ್ತದೆ. ನಾನು ಸುಮ್ಮನಿದ್ದೆ. ಸ್ವಲ್ಪ ಹೊತ್ತಿನ ಮೇಲೆ, ‘ಅಲ್ಲಿ ಎಲ್ರೂ ಹಂಗೇ ಬರೀತಾರೆ, ನಾನೂ ಸುಮ್ನೆ ಬರೆದೆ, ಲೈಕ್ ಬರ್ತಿತ್ತು’ ಅಂದ. ಡಿಲೀಟ್ ಮಾಡಿದರೆ ಆಗುತ್ತಾ ಎಂದು ಕೇಳಿದ. ಅಷ್ಟರಲ್ಲಿ ಅದರ ಸ್ಕ್ರೀನ್‌ಶಾಟ್ ನಮ್ಮ ಕಾರ್ಖಾನೆಯ ಎರಡು ವಾಟ್ಸ್‌ಆ್ಯಪ್ ಗ್ರೂಪ್ ಸುತ್ತಿ ಬಂದಿತ್ತು. ಕೊನೆಗೆ ಅವನು ಕೇಳಿದ್ದು ಇದು: ‘ಹಿಂದೆ ಎರಡು ಕಂಪನೀಲೂ ಹೋಲ್ಡ್ ಅಂದಿದ್ರು. ಅದೂ ಇದಕ್ಕೇನಾ ಮೇಡಂ?’

ಅದು ನನಗೆ ಹೇಗೆ ಗೊತ್ತಾಗಬೇಕು? ಅವನಿಗಂತೂ ಯಾವತ್ತೂ ಗೊತ್ತಾಗುವುದಿಲ್ಲ.

ನಾನು ಅವನ ಪರ ವಕಾಲತ್ತು ಮಾಡುತ್ತಿಲ್ಲ. ಕೆಲಸ ಕೊಡಲಿಲ್ಲ, ಈಗಲೂ ಆ ತೀರ್ಮಾನ ಸರಿ ಎಂದೇ ನನ್ನ ಅನಿಸಿಕೆ. ದಿನಾ ಎಂಟು ಗಂಟೆ ಪಕ್ಕದಲ್ಲಿ ನಿಲ್ಲಬೇಕಾದ ಹೆಣ್ಣುಮಕ್ಕಳ ನೆಮ್ಮದಿ ನನಗೆ ಮುಖ್ಯ. ಬೆದರಿಕೆಯ ಮಾತಿಗಂತೂ ಕನಿಕರವೇ ಬೇಡ. 2024ರ ಅಕ್ಟೋಬರ್‌ನಲ್ಲಿ ಇದೇ ಬೆಂಗಳೂರಿನಲ್ಲಿ ಒಬ್ಬ, ಹೆಣ್ಣುಮಗಳ ಬಟ್ಟೆಯ ವಿಚಾರಕ್ಕೆ ಆ್ಯಸಿಡ್ ಹಾಕುತ್ತೇನೆ ಎಂದು ಅವಳ ಗಂಡನಿಗೇ ಮೆಸೇಜ್ ಕಳಿಸಿದ. ಗಂಡ ಅದನ್ನು ಎಕ್ಸ್‌ನಲ್ಲಿ ಹಾಕಿದರು. ಕಂಪನಿ ಅವನನ್ನು ಕೆಲಸದಿಂದ ತೆಗೆಯಿತು. ಸರಿಯಾಗಿಯೇ ಮಾಡಿತು.

ಹುಡುಗರು ನನ್ನ ಹತ್ತಿರ ಎರಡು ಮಾತು ಹೇಳುತ್ತಾರೆ. ಒಂದು, ‘ನನ್ನನ್ನ ಯಾರು ನೋಡ್ತಾರೆ ಮೇಡಂ, ಇರೋದೇ ಇನ್ನೂರು ಜನ.’ 2013ರ ಡಿಸೆಂಬರ್‌ನಲ್ಲಿ ಜಸ್ಟಿನ್ ಸಾಕೊ ಎಂಬಾಕೆ ಲಂಡನ್‌ನಿಂದ ಕೇಪ್‌ಟೌನ್‌ಗೆ ವಿಮಾನ ಹತ್ತುವ ಮುಂಚೆ ಆಫ್ರಿಕಾ, ಏಡ್ಸ್ ಬಗ್ಗೆ ಒಂದು ಕೆಟ್ಟ ಜೋಕ್ ಟ್ವೀಟ್ ಮಾಡಿದರು. ಅವರಿಗೆ ಇದ್ದದ್ದು ಸುಮಾರು 170 ಫಾಲೋವರ್‌ಗಳು. ವಿಮಾನ ಹನ್ನೊಂದು ಗಂಟೆ ಹಾರಿ ಇಳಿಯುವಷ್ಟರಲ್ಲಿ ಜಗತ್ತೆಲ್ಲ ಅವರ ಹೆಸರು ಓದಿತ್ತು. ಕೆಲಸವೂ ಹೋಯಿತು. ಮಜಾ ನೋಡಿ, ಅವರದು ಕಂಪನಿಯ ಪರವಾಗಿ ಪತ್ರಕರ್ತರ ಜತೆ ಮಾತಾಡುವ ಹುದ್ದೆ.

ಇನ್ನೊಂದು ಮಾತು, ‘66ಎ ತೆಗೆದುಹಾಕಿದ್ದಾರಲ್ಲ, ಏನು ಬೇಕಾದ್ರೂ ಬರೀಬಹುದು.’ ಆನ್‌ಲೈನ್‌ನಲ್ಲಿ ಮನಸ್ಸು ನೋಯುವ ಹಾಗೆ ಬರೆದರೆ ಶಿಕ್ಷೆ ಎನ್ನುತ್ತಿದ್ದ ಐಟಿ ಕಾಯ್ದೆಯ ಆ ಸೆಕ್ಷನ್ನನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ರದ್ದು ಮಾಡಿದ್ದು ನಿಜ, ಒಳ್ಳೆಯದೇ ಆಯಿತು. ಆದರೆ ಹೆಣ್ಣಿನ ಮಾನಕ್ಕೆ ಕುಂದು ತರುವ ಮಾತಿಗೆ ಭಾರತೀಯ ನ್ಯಾಯ ಸಂಹಿತೆಯಲ್ಲಿ 79ನೇ ಸೆಕ್ಷನ್ ಇದೆ, ಬೆದರಿಕೆಗೆ 351 ಇದೆ. ಅದೂ ಅಲ್ಲದೆ, ಕೆಲಸ ಕೊಡದಿರಲು ಕಂಪನಿಗೆ ಪೊಲೀಸ್ ಕೇಸೇ ಆಗಬೇಕು ಎಂದೇನೂ ಇಲ್ಲವಲ್ಲ.

ಹಾಗಂತ ಒಂದು ಸಲ ಬರೆದದ್ದಕ್ಕೆ ಜೀವನಪೂರ್ತಿ ದಂಡ ಕಟ್ಟಬೇಕಾ? ನಮ್ಮನೆಯಲ್ಲಿ ಎಲ್ಲರೂ ಕ್ರಿಕೆಟ್ ಹುಚ್ಚರು, ಹಾಗಾಗಿ ಇಂಗ್ಲೆಂಡಿನ ಆಲಿ ರಾಬಿನ್ಸನ್ ನೆನಪಾಗುತ್ತಾನೆ. 2021ರ ಜೂನ್‌ನಲ್ಲಿ ಲಾರ್ಡ್ಸ್‌ನಲ್ಲಿ ಅವನ ಮೊದಲ ಟೆಸ್ಟ್. ಅದೇ ದಿನ, ಹದಿನೆಂಟು ಹತ್ತೊಂಬತ್ತರ ವಯಸ್ಸಿನಲ್ಲಿ ಅವನು ಮಾಡಿದ್ದ ಜನಾಂಗ ನಿಂದನೆಯ, ಹೆಣ್ಣುಮಕ್ಕಳನ್ನು ಹೀಯಾಳಿಸುವ ಟ್ವೀಟ್‌ಗಳು ಹೊರಬಿದ್ದವು. ಆ ಪಂದ್ಯದಲ್ಲಿ ಏಳು ವಿಕೆಟ್ ಕಿತ್ತರೂ ಅಮಾನತಾದ. ವಿಚಾರಣೆ ನಡೆಯಿತು. ಎಂಟು ಪಂದ್ಯಗಳ ನಿಷೇಧ, ಅದರಲ್ಲಿ ಐದನ್ನು ಎರಡು ವರ್ಷಕ್ಕೆ ತಡೆಹಿಡಿದರು, 3,200 ಪೌಂಡ್ ದಂಡ ಹಾಕಿದರು. ಅಲ್ಲಿಗೆ ಮುಗಿಯಿತು. ಆಗಸ್ಟ್‌ನಲ್ಲಿ ಲೀಡ್ಸ್‌ನಲ್ಲಿ ನಮ್ಮವರ ಎರಡನೇ ಇನಿಂಗ್ಸ್‌ನಲ್ಲಿ ಐದು ವಿಕೆಟ್ ಕಿತ್ತು ಪಂದ್ಯಶ್ರೇಷ್ಠನೂ ಆದ. ಆ ದಿನ ನಾನು ಅವನನ್ನು ಬೈದೆ, ಅದು ಬೇರೆ ಮಾತು. ಅವನಿಗೆ ಯಾವುದಕ್ಕೆ ಶಿಕ್ಷೆ, ಎಷ್ಟು, ಎಲ್ಲಿಯವರೆಗೆ ಎಂದು ಮುಖ ಕೊಟ್ಟು ಹೇಳಿದರು. ನಮ್ಮ ಡಿಪ್ಲೊಮಾ ಹುಡುಗನಿಗೆ ಸಿಕ್ಕಿದ್ದು ಹೋಲ್ಡ್.

ಈ ಕಡೆಯ ತಪ್ಪುಗಳೂ ಇವೆ. ಯಾವುದೋ ಪಕ್ಷದ ಬಾವುಟ ಹಾಕಿದ್ದಾನೆ ಎಂದೋ, ಪೆಟ್ರೋಲ್ ಬೆಲೆ ಏರಿದ್ದಕ್ಕೆ ಸರ್ಕಾರವನ್ನು ಬೈದಿದ್ದಾನೆ ಎಂದೋ ಹುಡುಗರನ್ನು ಬೇಡ ಅನ್ನುವ ಮ್ಯಾನೇಜರ್‌ಗಳನ್ನು ನಾನು ನೋಡಿದ್ದೇನೆ. ಟೀಕೆಗೂ ಬೈಗುಳಕ್ಕೂ ವ್ಯತ್ಯಾಸ ಗೊತ್ತಿಲ್ಲದವರು ಇನ್ನೊಬ್ಬರ ಫೇಸ್‌ಬುಕ್ ಗೋಡೆ ಇಣುಕಬಾರದು. ಇಂಥವರೇ ಬೆಳಿಗ್ಗೆ ಆಫೀಸ್ ಗ್ರೂಪಿನಲ್ಲಿ ಗುಡ್ ಮಾರ್ನಿಂಗ್ ಜತೆಗೆ ಹೆಂಡತಿಯ ಮೇಲಿನ ಹಳಸಲು ಜೋಕು ಕಳಿಸುತ್ತಾರೆ! ಇನ್ನು ಸಂದರ್ಶನಕ್ಕೆ ಬಂದವರ ಮೊಬೈಲ್ ಇಸಿದುಕೊಂಡು ನೋಡುವುದು, ಸ್ನೇಹಿತರಿಗಷ್ಟೇ ಎಂದು ಇಟ್ಟದ್ದನ್ನು ಕೆದಕುವುದು ಬೇಡವೇ ಬೇಡ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿತು. ಆ ಕೇಸ್ ಹಾಕಿದ ಕೆ.ಎಸ್. ಪುಟ್ಟಸ್ವಾಮಿ ಅವರು ನಮ್ಮ ಹೈಕೋರ್ಟಿನಲ್ಲೇ ನ್ಯಾಯಮೂರ್ತಿಯಾಗಿದ್ದವರು. ಊರಿಗೆಲ್ಲ ಕಾಣುವ ಹಾಗೆ ಬರೆದದ್ದು ಬೇರೆ, ಮನೆಯೊಳಗೆ ಇಟ್ಟದ್ದು ಬೇರೆ.

ಆ ಫೋನ್ ಆದ ಮೇಲೆ ನಮ್ಮ ಮಾಲೀಕರನ್ನು ಒಪ್ಪಿಸಿ ಅರ್ಜಿ ಫಾರಂನಲ್ಲಿ ಒಂದು ಸಾಲು ಸೇರಿಸಿದೆ: ‘ನಿಮ್ಮ ಸಾರ್ವಜನಿಕ ಪೋಸ್ಟ್‌ಗಳನ್ನು ನಾವು ನೋಡಬಹುದು. ಅದರಿಂದ ತೊಂದರೆ ಕಂಡರೆ ನಿಮ್ಮನ್ನೇ ಕೇಳುತ್ತೇವೆ.’ ಎರಡನೇ ವಾಕ್ಯಕ್ಕೆ ಮಾಲೀಕರು ಜಗ್ಗಾಡಿದರು. ‘ಸುಮ್ನೆ ಯಾಕೆ ತಲೆನೋವು, ಹೋಲ್ಡ್ ಅಂದ್ರೆ ಆಯ್ತಪ್ಪ’ ಎಂಬುದು ಅವರ ವಾದ. ತಲೆನೋವೇನೋ ಹೌದು. ಒಬ್ಬ ಜಗಳಕ್ಕೇ ಬಂದ. ಇನ್ನೊಬ್ಬ ಮೂರು ವರ್ಷದ ಹಿಂದಿನ ತನ್ನದೇ ಪೋಸ್ಟ್ ನೋಡಿ ಕಿವಿ ಕೆಂಪಗೆ ಮಾಡಿಕೊಂಡ, ತಪ್ಪಾಯಿತು ಅಂದ. ಈಗ ನಮ್ಮ ಸೆಕೆಂಡ್ ಶಿಫ್ಟಿನಲ್ಲಿದ್ದಾನೆ, ಒಳ್ಳೆಯ ಕೆಲಸಗಾರ. ಬೇರೆ ಕಂಪನಿಗಳ ನನ್ನ ಓರಗೆಯವರೂ ಇಷ್ಟು ಮಾಡಲಿ ಎಂದು ನಿಮ್ಮ ಪತ್ರಿಕೆಯ ಮೂಲಕ ಕೇಳಿಕೊಳ್ಳುತ್ತೇನೆ. ಕಾಲೇಜಿನವರೂ ಅಷ್ಟೇ. ಟೈ ಕಟ್ಟುವುದು, ಕೈ ಕುಲುಕುವುದು ಎಂದು ಮೂರು ದಿನ ಪ್ಲೇಸ್‌ಮೆಂಟ್ ತರಬೇತಿ ಕೊಡುತ್ತೀರಿ. ಅದರಲ್ಲಿ ಒಂದು ಗಂಟೆ ಅವರವರ ಹೆಸರನ್ನು ಅವರವರೇ ಮೊಬೈಲಿನಲ್ಲಿ ಹುಡುಕಿ ನೋಡಲಿ.

ಕಳೆದ ವಾರ ಟ್ರೈನಿಯಾಗಿ ಸೇರಲು ಬಂದ ಒಬ್ಬಳು ಫಾರಂನಲ್ಲಿ ಆ ಸಾಲು ಓದಿ ಪೆನ್ನು ಕೆಳಗಿಟ್ಟಳು. ‘ಮೇಡಂ, ಇನ್‌ಸ್ಟಾದಲ್ಲಿ ಡ್ಯಾನ್ಸ್ ರೀಲ್ಸ್ ಹಾಕಿದ್ದೀನಿ. ಅದಕ್ಕೂ ತೊಂದ್ರೆನಾ?’ ಅಂದಳು. ಆಯುಧಪೂಜೆಗೆ ಇಲ್ಲಿ ಸ್ಟೇಜ್ ಹಾಕ್ತೀವಿ, ಹೆಸರು ಕೊಡು ಅಂದೆ.

– ಓದುಗರೊಬ್ಬರು, ಟಿ. ದಾಸರಹಳ್ಳಿ, ಬೆಂಗಳೂರು

(ಮುಚ್ಚಿಡದೆ ಹೇಳಿಬಿಡಿ ಎಂದು ಬರೆದು ನಾನೇ ಹೆಸರು ಬೇಡ ಅನ್ನುತ್ತಿದ್ದೇನೆ, ನಗಬೇಡಿ. ನನ್ನ ಹೆಸರು ಹಾಕಿದರೆ ಕಂಪನಿ ಯಾವುದೆಂದು ತಿಳಿಯುತ್ತದೆ, ಆಮೇಲೆ ಆ ಹುಡುಗ ಯಾರೆಂದೂ ತಿಳಿಯುತ್ತದೆ.)