ಕಾಳು ಕಟ್ಟಿಡುವ ಮುಂಚೆ

ಚಿ.ಸೌ. ಮಗಳಿಗೆ ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು. ಇತ್ತ ನಾವೆಲ್ಲ ಕ್ಷೇಮ. ಅಳಿಯಂದಿರಿಗೂ ಮಕ್ಕಳಿಗೂ ನಮ್ಮ ಆಶೀರ್ವಾದ ತಿಳಿಸು.

ಈ ಸಲ ರಾಗಿ, ತೊಗರಿ, ಅವರೆ ಮೂರೂ ಕೈಗೆ ಹತ್ತಿವೆ ಅಂತ ಓದಿ ಸಂತೋಷವಾಯಿತು. ಹೋದ ವರ್ಷದ ಅವರೆಕಾಳಿಗೆ ಹಿಂದಿನವರ ಹಾಗೇ ಬೇವಿನಸೊಪ್ಪು ಹಾಕಿಟ್ಟರೂ ಯುಗಾದಿ ಹೊತ್ತಿಗೆ ತೂತುಬಿದ್ದು ಹಿಟ್ಟುದುರಿತು, ಯಾಕೆ ಅಂತ ಕೇಳಿದ್ದೀಯ. ಸೊಪ್ಪನ್ನು ಬೈದು ಪ್ರಯೋಜನವಿಲ್ಲ. ಹಿಂದಿನವರು ಕಾಳಿಡುತ್ತಿದ್ದದ್ದು ಸೌದೆ ಒಲೆಯ ಮನೆಯಲ್ಲಿ. ಒಲೆ ಮೇಲಿನ ಅಟ್ಟಕ್ಕೆ ದಿನಾ ಎರಡು ಹೊತ್ತು ಹೊಗೆ, ಬಿಸಿ ತಾಗುತ್ತಿತ್ತು. ಕಾಳು ತುಂಬುವ ಮಣ್ಣಿನ ವಾಡೆ, ಸಗಣಿ ಸಾರಿಸಿದ ಗೋಡೆ ಥಂಡಿಯನ್ನು ಹೀರಿಕೊಂಡು ಹೊರಕ್ಕೆ ಬಿಡುತ್ತಿದ್ದವು. ನಿನ್ನದು ಆರ್‌ಸಿಸಿ ಮನೆ, ಗ್ಯಾಸ್ ಒಲೆ, ಟೈಲ್ಸ್ ನೆಲ. ಅಲ್ಲಿ ಆ ಕ್ರಮದ ಅರ್ಧ ಭಾಗ ಇಲ್ಲವೇ ಇಲ್ಲ. ಹೊಗೆ ಮಾಡುತ್ತಿದ್ದ ಕೆಲಸವನ್ನು ಈಗ ಬಿಸಿಲಿನ ಕೈಲೂ ಬಿಗಿ ಮುಚ್ಚಳದ ಕೈಲೂ ಮಾಡಿಸಬೇಕು.

ಮೊದಲು ಒಣಗಿಸುವ ಮಾತು, ಮುಕ್ಕಾಲು ಪಾಲು ಕೆಲಸ ಅದೇ. ರಾಗಿ, ಭತ್ತದಲ್ಲಿ ತೇವಾಂಶ ಶೇಕಡಾ 12ಕ್ಕಿಂತ ಕೆಳಗಿರಬೇಕು, ತೊಗರಿ, ಅವರೆ, ಹುರಳಿಯಲ್ಲಿ 9-10ಕ್ಕೆ ಇಳಿಯಬೇಕು. ಅಳೆಯುವ ಯಂತ್ರ ಮನೆಯಲ್ಲಿರುವುದಿಲ್ಲ, ಉಪ್ಪು ಸಾಕು. ಒಣಗಿದ ಗಾಜಿನ ಬಾಟಲಿಯಲ್ಲಿ ಮೂರನೇ ಒಂದು ಪಾಲು ಕಾಳು ಹಾಕಿ, ಬಾಣಲೆಯಲ್ಲಿ ಹುರಿದು ಆರಿಸಿದ ಪುಡಿ ಉಪ್ಪು ಸ್ವಲ್ಪ ಉದುರಿಸಿ, ಮುಚ್ಚಳ ಬಿಗಿದು ಒಂದೆರಡು ನಿಮಿಷ ಕುಲುಕು. ಹತ್ತು ಹದಿನೈದು ನಿಮಿಷ ಬಿಟ್ಟು ನೋಡು. ಉಪ್ಪು ಗಾಜಿಗೆ ಅಂಟಿಕೊಂಡಿದ್ದರೆ ತೇವ 15ಕ್ಕಿಂತ ಮೇಲಿದೆ, ಇನ್ನೂ ಬಿಸಿಲು ಬೇಕು. ಅಂಟದಿದ್ದರೆ 15ರ ಕೆಳಗೆ ಬಂದಿದೆ ಅಂತ ಮಾತ್ರ ಅರ್ಥ, ರಾಗಿಗೂ ಬೇಳೆಕಾಳಿಗೂ ಅದು ಸಾಲದು. ಮೇಲೆ ಮತ್ತೆರಡು ದಿನ ಒಣಗಿಸಿ ಹಲ್ಲಿಗೆ ಕೊಟ್ಟು ನೋಡು. ಕಟ್ ಅಂತ ಎರಡಾದರೆ ಆಯಿತು. ಹಲ್ಲಿನ ಗುರುತು ಬಿದ್ದು ಮೆತ್ತಗೆ ಅಮುಕಿದರೆ ಆಗಿಲ್ಲ.

ಹರಡುವಾಗ ಎರಡು ಬೆರಳ ದಪ್ಪಕ್ಕಿಂತ ಹೆಚ್ಚು ಬೇಡ, ಗಂಟೆಗೊಮ್ಮೆ ಕಾಲಾಡಿಸಿ ತಿರುವು. ಇಬ್ಬನಿ ಬೀಳುವ ಮೊದಲೇ ಗುಡ್ಡೆ ಮಾಡಿ ಮುಚ್ಚು. ಸಂಜೆ ಬಿಸಿ ಬಿಸಿ ಕಾಳನ್ನು ನೇರ ಡ್ರಮ್ಮಿಗೆ ಸುರಿಯುವವರಿದ್ದಾರೆ, ತಗಡಿನ ಡ್ರಮ್ಮು ಕೆಡಿಸುತ್ತದೆ ಅಂತ ದೂರುವವರೂ ಅವರೇ. ರಾತ್ರಿ ತಗಡು ತಣ್ಣಗಾದಾಗ ಒಳಗಿನ ಬಿಸಿಗಾಳಿ ಮುಚ್ಚಳದ ಅಡಿಯಲ್ಲಿ ಬೆವರಾಗಿ ತೊಟ್ಟಿಕ್ಕುತ್ತದೆ, ಮೇಲಿನ ನಾಲ್ಕು ಬೆರಳು ಕಾಳು ಮುಗ್ಗುತ್ತದೆ. ಒಂದು ರಾತ್ರಿ ನೆರಳಲ್ಲಿ ಹರಡಿ, ಮುಟ್ಟಿದರೆ ತಣ್ಣಗಿದೆ ಅನ್ನಿಸಿದ ಮೇಲೆ ತುಂಬು.

ಈಗ ನಿನ್ನ ಅವರೆಯ ವಿಚಾರ. ಹುಳ ಮನೆಯಲ್ಲಿ ಹತ್ತಿತು ಅಂದುಕೊಂಡಿದ್ದೀಯ, ಬಹಳ ಸಲ ಅದು ಹೊಲದಿಂದಲೇ ಬಂದಿರುತ್ತದೆ. ಕಾಯಿ ಬಲಿತು ಒಣಗುವ ಹೊತ್ತಿಗೆ ಕಾಳುದುಂಬಿ ಮೊಟ್ಟೆ ಇಟ್ಟಿರುತ್ತದೆ. ಒಂದು ಹಿಡಿ ಕಾಳನ್ನು ಬೆಳಕಿಗೆ ಹಿಡಿದು ನೋಡು. ಸಿಪ್ಪೆಯ ಮೇಲೆ ಸಾಸಿವೆಗಿಂತ ಸಣ್ಣ ಬಿಳಿ ಚುಕ್ಕೆ ಅಂಟಿಕೊಂಡಿದ್ದು, ಉಗುರಿನಲ್ಲಿ ಕೆರೆದರೆ ಏಳುವಂತಿದ್ದರೆ ಅದು ಮೊಟ್ಟೆ. ಮರಿ ಮೊಟ್ಟೆಯ ತಳದಿಂದಲೇ ಸೀದಾ ಕಾಳಿನೊಳಕ್ಕೆ ಕೊರೆಯುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ಸುಮಾರು ನಾಲ್ಕು ವಾರ ಒಳಗೇ ತಿಂದು, ದುಂಡನೆಯ ತೂತು ಮಾಡಿಕೊಂಡು ದುಂಬಿಯಾಗಿ ಆಚೆ ಬರುತ್ತದೆ. ತೂತು ಕಂಡಾಗ ಒಂದು ತಲೆಮಾರು ಆಗಲೇ ಮುಗಿದಿರುತ್ತದೆ. ಒಂದು ಹೆಣ್ಣು ನೂರರ ಹತ್ತಿರ ಮೊಟ್ಟೆ ಇಡಬಲ್ಲದು, ಲೆಕ್ಕ ನೀನೇ ಹಾಕು.

ಅದಕ್ಕೇ ಮೊದಲು ಒಳಗಿರುವ ಮರಿ ಸಾಯಬೇಕು, ಆಮೇಲೆ ಹೊಸ ಮೊಟ್ಟೆ ತಡೆಯಬೇಕು. ಚೆನ್ನಾಗಿ ಒಣಗಿದ, ತಿನ್ನುವ ಕಾಳನ್ನು ಕಪ್ಪು ಟಾರ್ಪಾಲಿನ ಮೇಲೆ ಒಂದು ಬೆರಳ ದಪ್ಪ ಹರಡಿ, ಮೇಲೊಂದು ತೆಳು ಬಿಳಿ ಪಾಲಿಥೀನ್ ಹಾಳೆ ಹೊದಿಸಿ, ಸುತ್ತ ಅಂಚಿಗೆ ಕಲ್ಲಿಡು. ಹಾಳೆ ಆಚೆಯದು ಕಾಣುವಷ್ಟು ತಿಳಿಯಾಗಿರಬೇಕು. ಮಟಮಟ ಮಧ್ಯಾಹ್ನದ ಬಿಸಿಲಲ್ಲಿ ನಾಲ್ಕೈದು ಗಂಟೆ, ಎರಡು ದಿನ. ಒಳಗೆ ಕೈ ಇಡಲಾಗದಷ್ಟು ಕಾಯುತ್ತದೆ, ಮರಿ ಬೆಂದುಹೋಗುತ್ತದೆ. ಬಿತ್ತನೆ ಕಾಳಿಗೆ ಈ ಹೊದಿಕೆ ಬೇಡ.

ಅದು ಆರಿದ ಮೇಲೆ ಹರಳೆಣ್ಣೆ. ಒಂದು ಕಿಲೋಗೆ 5 ಮಿ.ಲೀ., ಅಂದರೆ ಒಂದು ಟೀ ಚಮಚ. ಅಗಲವಾದ ಪಾತ್ರೆಯಲ್ಲಿ ಹಾಕಿಕೊಂಡು ಒಂದೊಂದು ಕಾಳೂ ಮಿರುಗುವಂತೆ ಅಂಗೈಯಲ್ಲಿ ಉಜ್ಜು. ಹೆಚ್ಚು ಹಾಕಿದರೆ ಅಂಟಂಟಾಗಿ ಧೂಳು ಹಿಡಿಯುತ್ತದೆಯೇ ಹೊರತು ಲಾಭವಿಲ್ಲ. ಎಣ್ಣೆ ಮೊಟ್ಟೆಗೆ ಉಸಿರಾಡಲು ಬಿಡುವುದಿಲ್ಲ, ಒಳಗೆ ಹೊಕ್ಕ ಮರಿಯನ್ನು ಮಾತ್ರ ಏನೂ ಮಾಡಲಾರದು. ಬಿಸಿಲು ಬಿಟ್ಟು ಬರೀ ಎಣ್ಣೆ ಹಚ್ಚಿದವರಿಗೆ ಅದಕ್ಕೇ ಫಲ ಸಿಗುವುದಿಲ್ಲ. ಪಾತ್ರೆ ತುಂಬಿದ ಮೇಲೆ ಜರಡಿ ಹಿಡಿದು ಒಣಗಿಸಿದ ನಯವಾದ ಮರಳನ್ನು ಎರಡು ಮೂರು ಅಂಗುಲ ಮೇಲೆ ಹರಡು. ದುಂಬಿ ಮೇಲ್ಪದರಕ್ಕೆ ಹತ್ತಿ ಓಡಾಡುವ ಜಾತಿ, ಮರಳು ಅದನ್ನು ತಡೆಯುತ್ತದೆ.

ತೊಗರಿಯನ್ನು ಇಡಿಯಾಗಿ ಇಡುವುದಕ್ಕಿಂತ ಬೇಳೆ ಮಾಡಿಟ್ಟುಬಿಡು. ದುಂಬಿಗೆ ಸಿಪ್ಪೆಯಿರುವ ನುಣುಪು ಕಾಳು ಬೇಕು, ಒಡೆದ ಬೇಳೆಯ ಗೋಜಿಗೆ ಅದು ಹೋಗುವುದು ಅಪರೂಪ. ರಾತ್ರಿ ನೆನೆಹಾಕಿ, ಬೆಳಗ್ಗೆ ಬಸಿದು, ಜರಡಿ ಹಿಡಿದ ಕೆಮ್ಮಣ್ಣನ್ನು ಗಟ್ಟಿಯಾಗಿ ಕಲಸಿ ಕಾಳಿನ ಮೈಗೆಲ್ಲ ಹತ್ತುವಂತೆ ಸವರಿ, ಒಂದು ರಾತ್ರಿ ಗುಡ್ಡೆ ಹಾಕಿ ಬಿಡು. ಆಮೇಲೆ ಮೂರು ನಾಲ್ಕು ದಿನ ಬಿಸಿಲು. ಮಣ್ಣು ಉದುರಿಸಿ ಬೀಸುಕಲ್ಲಿಗೆ ಹಾಕಿದರೆ ಸಿಪ್ಪೆ ಸಲೀಸಾಗಿ ಬಿಡುತ್ತದೆ. ಈ ಬೇಳೆ ಬೇಯುವುದು ಸ್ವಲ್ಪ ತಡ, ಕುಕ್ಕರಿನಲ್ಲಿ ಇನ್ನೊಂದು ವಿಶಲ್ ಕೂಗಿಸು.

ಬೇವಿನಸೊಪ್ಪು ಹಾಕುವುದಾದರೆ ನೆರಳಲ್ಲಿ ಗರಿಗರಿ ಒಣಗಿರಬೇಕು. ಹಸಿಸೊಪ್ಪು ಹಾಕಿದರೆ ಅದರ ನೀರನ್ನೆಲ್ಲ ಕಾಳು ಕುಡಿಯುತ್ತದೆ. ಸೊಪ್ಪು ಹುಳವನ್ನು ದೂರ ಇಡುತ್ತದೆ, ಕೊಲ್ಲುವುದಿಲ್ಲ.

ಅಂಗಡಿಯವರು ಬೋರಿಕ್ ಪೌಡರ್ ಕೊಡುತ್ತಾರೆ. ತಿನ್ನುವ ಅಕ್ಕಿಗೆ, ಕಾಳಿಗೆ ಅದನ್ನು ತಿಕ್ಕಬೇಡ, ಮಕ್ಕಳಿರುವ ಮನೆ. ಅಲ್ಯುಮಿನಿಯಂ ಫಾಸ್ಫೈಡ್ ಮಾತ್ರೆಯನ್ನಂತೂ ಯಾರು ಕೊಟ್ಟರೂ ಮನೆಯೊಳಗೆ ತರಬೇಡ. ಗಾಳಿಯ ಥಂಡಿ ತಾಗಿದರೆ ಸಾಕು, ವಿಷಾನಿಲ ಹೊರಡುತ್ತದೆ, ಅದಕ್ಕೆ ಪ್ರತಿವಿಷವೇ ಇಲ್ಲ. ಗೋದಾಮಿನಲ್ಲಿ ತರಬೇತಿಯಾದವರು ಬಳಸುವ ವಸ್ತು ಅದು, ಮಲಗುವ ಮನೆಗೆ ತರುವುದಲ್ಲ.

ರಾಗಿಗೆ ಇಷ್ಟೆಲ್ಲ ತಲೆ ಕೆಡಿಸಿಕೊಳ್ಳಬೇಡ. ಕಾಳು ಸಣ್ಣದು, ಒಣಗಿದ್ದರೆ ವರ್ಷಗಟ್ಟಲೆ ಹುಳ ಮುಟ್ಟುವುದಿಲ್ಲ. ಕೆಡುವುದೆಲ್ಲ ಮೆದೆಯಲ್ಲೇ. ತೆನೆ ಹಸಿಯಿರುವಾಗ ಮೆದೆ ಒಟ್ಟಿದರೆ ಒಳಗೆ ಬಿಸಿಯೇರಿ ಕಾಳು ಕಪ್ಪಾಗಿ ಮುಗ್ಗಲು ವಾಸನೆ ಹಿಡಿಯುತ್ತದೆ. ಹಿಟ್ಟನ್ನು ಬೇಕಾದಷ್ಟೇ ಬೀಸಿಸಿಕೋ, ರಾಗಿಗೆ ಬರದ ಹುಳ ಹಿಟ್ಟಿಗೆ ಬರುತ್ತದೆ. ಹಳೇ ಗೋಣಿಚೀಲದ ಹೊಲಿಗೆಯಲ್ಲಿ ಹುಳ, ಮೊಟ್ಟೆ ಅಡಗಿರುತ್ತವೆ. ಕುದಿಯುವ ನೀರಲ್ಲಿ ಕಾಲು ಗಂಟೆ ಅದ್ದಿ ಬಿಸಿಲಿಗೆ ಹಾಕದೆ ತುಂಬಬೇಡ. ಮೂಟೆ ಹಲಗೆಯ ಮೇಲೆ, ಗೋಡೆಯಿಂದ ಒಂದಡಿ ದೂರ ಇರಲಿ.

ಅಳಿಯಂದಿರು ಹಳೇ ಹಗೇವು, ಅಂದರೆ ನೆಲದೊಳಗಿನ ಕಾಳಿನ ಗುಂಡಿ, ತೆಗೆಸಬೇಕು ಅಂದಿದ್ದಾರಲ್ಲ, ಇದನ್ನು ಅವರಿಗೆ ಓದಿ ಹೇಳು. ಮುಚ್ಚಿದ ಹಗೇವಿನೊಳಗೆ ಕೆಟ್ಟ ಗಾಳಿ ನಿಂತಿರುತ್ತದೆ, ಇಳಿದವರು ಕೂಗುವ ಮುಂಚೆಯೇ ಬೀಳುತ್ತಾರೆ. ಬಾಯಿ ತೆಗೆದು ಒಂದು ದಿನವಾದರೂ ಬಿಡಬೇಕು. ಆಮೇಲೆ ಹಗ್ಗಕ್ಕೆ ಕಟ್ಟಿ ದೀಪ ಇಳಿಸಬೇಕು. ಆರಿದರೆ ಇಳಿಯುವ ಮಾತೇ ಇಲ್ಲ. ದೀಪ ಉರಿದರೂ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಮೇಲೆ ಎಳೆಯಲು ಇಬ್ಬರು ಗಟ್ಟಿ ಆಳಿದ್ದರೆ ಮಾತ್ರ. ಬಿದ್ದವರನ್ನು ಎತ್ತಲು ಹಿಂದೆಯೇ ಇನ್ನೊಬ್ಬರು ಇಳಿಯುವುದರಿಂದಲೇ ಎರಡು ಮೂರು ಜೀವ ಹೋಗುವುದು.

ಇನ್ನು ಬೀಜ. ಬಿತ್ತನೆಗೆ ರಾಶಿಯಿಂದ ತೆಗೆಯಬೇಡ, ಕೊಯ್ಲಿಗೆ ಮುಂಚೆ ಹೊಲದ ನಡುವೆ ನಡೆದು ತೆನೆ ಆರಿಸು. ಬದುವಿನ ಪಕ್ಕದ ಗಿಡಕ್ಕೆ ಬಿಸಿಲು, ಗೊಬ್ಬರ ಹೆಚ್ಚು ಸಿಕ್ಕಿರುತ್ತದೆ, ಅದರ ದಪ್ಪ ತೆನೆಗೆ ಮರುಳಾಗಬೇಡ. ರಾಗಿ, ಭತ್ತ ತಮ್ಮ ಪರಾಗದಲ್ಲೇ ಕಾಳು ಕಟ್ಟುವುದರಿಂದ ತಳಿ ಬೇಗ ಕೆಡುವುದಿಲ್ಲ. ನಿನ್ನ ಜಿಪಿಯು-28 ರಾಗಿ ತಳಿಯ ಬೀಜ ಧಾರಾಳವಾಗಿ ಉಳಿಸಿಕೋ. ತೊಗರಿ ಹೂವಿಗೆ ಜೇನು ಬರುತ್ತದೆ, ಪಕ್ಕದ ಹೊಲದಲ್ಲಿ ಬೇರೆ ತಳಿ ಇದ್ದರೆ ಬೆರಕೆಯಾಗುತ್ತದೆ. ಹೈಬ್ರಿಡ್ ಜೋಳದ ಬೀಜ ಉಳಿಸಿ ಪ್ರಯೋಜನವಿಲ್ಲ, ಮರುವರ್ಷ ಒಂದೊಂದು ಗಿಡ ಒಂದೊಂದು ಥರ.

ಬಿತ್ತನೆ ಅವರೆಗೆ ಮಡಕೆ, ಬೂದಿ ಸಾಕು. ಪೂರ್ತಿ ಆರಿದ ಬೆರಣಿ ಬೂದಿಯನ್ನು ಜರಡಿ ಹಿಡಿದು, ಕಾಳಿನಷ್ಟೇ ಅಳತೆ ಬೂದಿ ಕಲಸಿ, ಕಂಠದವರೆಗೂ ತುಂಬಿ, ಬಟ್ಟೆ ಕಟ್ಟಿ ಮೇಲೆ ಸಗಣಿ ಮೆತ್ತು. ಅರ್ಧ ಖಾಲಿ ಮಡಕೆಯಲ್ಲಿ ಹುಳಕ್ಕೆ ಗಾಳಿ ಸಿಗುತ್ತದೆ, ಕಡಿಮೆ ಕಾಳಿದ್ದರೆ ಚಿಕ್ಕ ಮಡಕೆ ಹುಡುಕು. ಈರುಳ್ಳಿ ಬೀಜ ಒಂದು ವರ್ಷಕ್ಕೇ ಸತ್ತುಹೋಗುತ್ತದೆ, ಅದನ್ನು ಕೂಡಿಡಬೇಡ.

ಬಿತ್ತನೆಗೆ ಮೂರು ವಾರ ಮೊದಲು ಮೊಳಕೆ ನೋಡು. 100 ಕಾಳು ಎಣಿಸಿ ಒದ್ದೆ ಗೋಣಿತಾಟಿನಲ್ಲಿ ಸಾಲಾಗಿ ಇಟ್ಟು ಸುತ್ತಿ, ನೆರಳಲ್ಲಿ ತೇವ ಆರದಂತೆ ಇಡು. ಐದಾರು ದಿನದಲ್ಲಿ ರಾಗಿ, ತೊಗರಿಯಲ್ಲಿ 75, ಭತ್ತದಲ್ಲಿ 80 ಮೊಳೆತರೆ ಚೊಕ್ಕ ಬೀಜ, ಪ್ರಮಾಣಿತ ಬೀಜಕ್ಕೆ ಸರ್ಕಾರ ಇಟ್ಟಿರುವ ಅಳತೆಯೂ ಅದೇ. 60ರ ಹತ್ತಿರ ಬಂದರೆ ಆ ಕೊರತೆಯಷ್ಟು ಬೀಜ ಹೆಚ್ಚು ಹಾಕು. 50ಕ್ಕೆ ಇಳಿದಿದ್ದರೆ ಅಡುಗೆಗೆ ಬಳಸಿ ಬೇರೆ ಬೀಜ ಹೊಂದಿಸಿಕೋ. ಮೂರು ವಾರ ಮೊದಲು ಅಂದದ್ದು ಅದಕ್ಕೇ.

ಸೋರೆ ಬೀಜ ಕೇಳಿದ್ದೀಯಲ್ಲ. ಗೋಡೆಗೆ ತಟ್ಟಿದ ಬೆರಣಿಯೊಳಗೇ ಸಿಕ್ಕಿಸಿ ಒಣಗಿಸಿದ್ದೇನೆ, ಬರುವವರ ಕೈಯಲ್ಲಿ ಇಡಿ ಬೆರಣಿಯನ್ನೇ ಕಳಿಸುತ್ತೇನೆ. ಈಗಲೇ ಒಡೆಯಬೇಡ. ಪಾತಿ ಮಾಡಿದ ದಿನ ಪುಡಿ ಮಾಡಿ ಬೀಜ ಬಿಡಿಸಿಕೊಂಡು, ಒಂದು ರಾತ್ರಿ ನೆನೆಸಿ ಊರು.

ಇತಿ,
ನಿನ್ನ ದೊಡ್ಡಮ್ಮ