ಗೆಳೆಯನಿಗೊಂದು ಪತ್ರ: ಬೆನ್ನು ತಿರುಗಿಸಿ ಕೂತ ತ್ರಿಕೋನ

ಮಾರಾಯ,

ಬೆಂಗಳೂರಿನ ಗೇಮ್ ಕಂಪನಿ ಬಿಟ್ಟು ಇಲ್ಲಿ ಮಂಗಳೂರಿನ ಕಡೆ ಕಾಲೇಜಿನಲ್ಲಿ ಕಂಪ್ಯೂಟರ್ ಗ್ರಾಫಿಕ್ಸ್ ಕಲಿಸುವ ನನ್ನನ್ನು ಮೊನ್ನೆ ಫೋನಿನಲ್ಲಿ "ಅಲ್ಲಿ ನಿಂಗೆ ಬೋರ್ ಆಗಲ್ವಾ?" ಅಂತ ಕೇಳಿದೆಯಲ್ಲ, ಆಗ ಹ್ಞೂಂ ಹ್ಞೂಂ ಅಂದು ಮಾತು ತೇಲಿಸಿಬಿಟ್ಟೆ. ಸುರತ್ಕಲ್ ಕಡೆಯಿಂದ ಬರುವ ಬಸ್ಸಿನಲ್ಲಿದ್ದೆ. ಕಿಟಕಿಯ ಟಾರ್ಪಾಲು ಮುಖಕ್ಕೆ ಬಡಿಯುತ್ತಿತ್ತು. ಈಗ ರಾತ್ರಿ ಹತ್ತು ಗಂಟೆ. ಹಂಚಿನ ಮೇಲೆ ಆಟಿಯ ಮಳೆ. ಕರೆಂಟು ಉಂಟು, ಸದ್ಯಕ್ಕೆ. ಹೋಗುವುದರೊಳಗೆ ಸರಿಯಾಗಿ ಉತ್ತರ ಬರೆಯುತ್ತೇನೆ.

ನೆನಪುಂಟಾ, ಬೆಂಗಳೂರಿನಲ್ಲಿ ಆಟದ ಒಂದು ಫ್ರೇಮಿನಿಂದ, ಅಂದರೆ ಪರದೆಯ ಒಂದು ಚಿತ್ರದಿಂದ, 4 ಮಿಲಿಸೆಕೆಂಡ್ ಉಳಿಸಲಿಕ್ಕೆ ನಾವಿಬ್ಬರು ಮೂರು ವಾರ ಕೂತದ್ದು? ಸೆಕೆಂಡಿಗೆ 60 ಫ್ರೇಮ್ ಬೇಕು, ಅಂದರೆ ಒಂದಕ್ಕೆ 16.6 ಮಿಲಿಸೆಕೆಂಡ್. ನಮ್ಮದು 20 ದಾಟುತ್ತಿತ್ತು. ಕೊನೆಗೂ ಉಳಿಸಿದೆವು. ಯಾರೂ ಗಮನಿಸಲಿಲ್ಲ. ಆಡುವವರಿಗೆ ಗೊತ್ತಾಗಬಾರದ್ದೇ ನಮ್ಮ ಕೆಲಸ, ಸರಿ. ಆದರೆ ಇಲ್ಲಿ ಪರದೆಯ ಮೇಲೆ ಒಂದು ಬಣ್ಣದ ತ್ರಿಕೋನ ಬಂದರೆ ಸಾಕು, ಇಡೀ ಲ್ಯಾಬ್ ಎದ್ದು ಬಂದು ನೋಡುತ್ತದೆ. ಸಂಬಳ ಎಷ್ಟು ಕಡಿಮೆ ಅಂತ ನೀನು ಕೇಳಬೇಡ, ನಾನೂ ಹೇಳುವುದಿಲ್ಲ.

ಕಾಲೇಜಿನ ಹೆಸರು ಬೇಡ. ಲ್ಯಾಬಿನ ಕಂಪ್ಯೂಟರ್‌ಗಳು ನನ್ನ ಕೆಲವು ವಿದ್ಯಾರ್ಥಿಗಳಿಗಿಂತ ಸ್ವಲ್ಪವೇ ಚಿಕ್ಕವು. ಮಳೆಗಾಲದಲ್ಲಿ ಕೀಬೋರ್ಡಿನ ಒಳಗೆ ಬೂಸ್ಟು ಬರುತ್ತದೆ. ಮಕ್ಕಳ ಕೈಗೆ ಹಿರಿಯರಿಂದ ಬಂದ ಲ್ಯಾಬ್ ಪುಸ್ತಕದಲ್ಲಿ ಪರದೆಯ ಮೇಲೆ ಚಿತ್ರ ಬಿಡಿಸಲಿಕ್ಕೆ ಹಳೆಯ ಓಪನ್‌ಜಿಎಲ್ ಇತ್ತು: ಬಿಗಿನ್ ಅನ್ನು, ಮೂರು ಬಿಂದು ಕೊಡು, ಎಂಡ್ ಅನ್ನು, ಮುಗಿಯಿತು. ಓಪನ್‌ಜಿಎಲ್ ಹುಟ್ಟಿದ್ದು 1992ರಲ್ಲಿ. 2008ರಲ್ಲಿ 3.0 ಬಂದಾಗಲೇ ಆ ಕ್ರಮಕ್ಕೆ ವಿದಾಯ ಹೇಳಿ ಆಗಿತ್ತು. ಹಾಗಂತ ಮೊದಲ ವಾರವೇ ಅದರ ನಂತರ ಬಂದ ವಲ್ಕನ್ ಕಲಿಸಲಿಕ್ಕೆ ಆಗುತ್ತದಾ? ಅದರಲ್ಲಿ ಒಂದು ತ್ರಿಕೋನಕ್ಕೆ ಸುಮಾರು ಸಾವಿರ ಸಾಲು ಬೇಕು. ಸಾವಿರನೇ ಸಾಲಿಗೆ ಹೋಗುವಷ್ಟರಲ್ಲಿ ಹುಡುಗರೆಲ್ಲ ಎಂಬಿಎ ಸೇರಿರುತ್ತಾರೆ. ಅದಕ್ಕೆ ವೆಬ್‌ಜಿಎಲ್ ಹಿಡಿದೆ. ಓಪನ್‌ಜಿಎಲ್‌ನದೇ ಬ್ರೌಸರ್ ರೂಪ ಅದು, ಬ್ರೌಸರ್ ಇದ್ದರೆ ಆಯಿತು, ಏನೂ ಇನ್‌ಸ್ಟಾಲ್ ಮಾಡಬೇಕಾಗಿಲ್ಲ. ಚಿತ್ರ ಬಿಡಿಸುವ ಚಿಪ್ಪಿನ, ಅಂದರೆ ಜಿಪಿಯುವಿನ, ಮೇಲೆ ಓಡುವ ಶೇಡರ್ ಅನ್ನುವ ಚಿಕ್ಕ ಪ್ರೋಗ್ರಾಂ ಬರೆಯಲೇಬೇಕು, ಹಾಗಾಗಿ ಜಿಪಿಯು ಏನು ಮಾಡುತ್ತದೆ ಅಂತ ಮೊದಲ ದಿನದಿಂದಲೇ ಗೊತ್ತಾಗುತ್ತದೆ. ಸಂಜೆ ಮನೆಗೆ ಹೋಗಿ ಮೊಬೈಲಿನಲ್ಲಿ ಅಮ್ಮನಿಗೂ ತೋರಿಸಬಹುದು. ಈ ಕೊನೆಯದು ಎಷ್ಟು ದೊಡ್ಡ ವಿಷಯ ಅಂತ ನನಗೆ ಮೊದಲು ಗೊತ್ತಿರಲಿಲ್ಲ.

ಆದರೆ ತ್ರಿಕೋನಕ್ಕೆ ಮೊದಲು ಬರುವುದು ಕಪ್ಪು ಪರದೆ. ನಿನಗೆ ಹೇಳಬೇಕಾ? ಬೇರೆ ಪ್ರೋಗ್ರಾಂ ತಪ್ಪಾದರೆ ಬೈಯುತ್ತದೆ, ಎಷ್ಟನೇ ಸಾಲು ಅಂತ ಹೇಳುತ್ತದೆ. ಗ್ರಾಫಿಕ್ಸ್ ಮುನಿಸಿಕೊಂಡ ಅತ್ತೆಯ ಹಾಗೆ. ಮಾತೇ ಇಲ್ಲ. ಕಪ್ಪು ಅಂದರೆ ಕಪ್ಪು. ಕ್ಯಾಮೆರಾ ವಸ್ತುವಿನ ಒಳಗೇ ಕೂತಿರಬಹುದು, ಮ್ಯಾಟ್ರಿಕ್ಸ್ ಗುಣಿಸುವಾಗ ಹಿಂದುಮುಂದು ಆಗಿರಬಹುದು, ದೀಪವೇ ಇಲ್ಲದಿರಬಹುದು.

ಒಬ್ಬ ಹುಡುಗ, ಮೂಲ್ಕಿಯವನು, ಅಂಥ ಕಪ್ಪು ಪರದೆಯ ಎದುರು ಎರಡೂವರೆ ಗಂಟೆ ಕೂತಿದ್ದ. ಕೊನೆಗೆ ಬಂದು "ಸರ್, ಜಿಪಿಯು ಸತ್ತಿದೆ" ಅಂದ. ನಾನು ಹೋಗಿ ಕೂತೆ. ಹತ್ತು ವರ್ಷ ಇದನ್ನೇ ತಿಂದು ಕುಡಿದವನು, ನನಗೂ ಕಾಣಲಿಲ್ಲ ಮಾರಾಯ! ಶೇಡರ್ ಸರಿ ಉಂಟು, ಬಿಂದುಗಳನ್ನು ಇಟ್ಟ ಬಫರ್ ಸರಿ ಉಂಟು, ಮೂರು ಬಿಂದುವೂ ಪರದೆಯ ಒಳಗೇ ಉಂಟು. ಹಿಂದಿನ ಬೆಂಚಿನಿಂದ ಯಾವತ್ತೂ ಬಾಯಿ ಬಿಡದ ಒಬ್ಬಳು ಎದ್ದು ಬಂದಳು. ನೋಟ್‌ಬುಕ್ಕಿನಲ್ಲಿ ಮೂರು ಬಿಂದು ಹಾಕಿ, ಕೋಡಿನ ಕ್ರಮದಲ್ಲೇ ಒಂದು, ಎರಡು, ಮೂರು ಅಂತ ಬೆರಳು ಓಡಿಸಿದಳು. "ಇದು ಪ್ರದಕ್ಷಿಣೆ ಬರ್ತಾ ಉಂಟು" ಅಂದಳು.

ಅಷ್ಟೇ. ಓಪನ್‌ಜಿಎಲ್‌ಗೆ ಅಪ್ರದಕ್ಷಿಣೆಯೇ ಮುಖ. ಪ್ರದಕ್ಷಿಣೆ ಹಾಕಿದ ತ್ರಿಕೋನ ಅದರ ಲೆಕ್ಕದಲ್ಲಿ ಬೆನ್ನು. ಹುಡುಗ ಎಲ್ಲಿಂದಲೋ ನಕಲು ಮಾಡುವಾಗ ಬೆನ್ನುಗಳನ್ನು ಬಿಡಿಸಬೇಡ ಅನ್ನುವ ಸಾಲನ್ನೂ ಸೇರಿಸಿಕೊಂಡಿದ್ದ. ತ್ರಿಕೋನ ಅಲ್ಲೇ ಇತ್ತು, ನಮಗೆ ಬೆನ್ನು ಹಾಕಿ ಕೂತಿತ್ತು. ಎರಡು ಬಿಂದು ಅದಲುಬದಲು ಮಾಡಿದ್ದೇ ತಡ, ಕೆಂಪು ಹಸಿರು ನೀಲಿ ಕೂಡಿಕೊಂಡು ಎದುರು ಬಂತು. ಹುಡುಗ ಕಿರುಚಿದ. ಪಕ್ಕದ ಕ್ಲಾಸಿನ ಮೇಷ್ಟ್ರು ಇಣುಕಿ ನೋಡಿದರು.

"ದೇವಸ್ಥಾನದಲ್ಲಿ ಪ್ರದಕ್ಷಿಣೆ, ಲ್ಯಾಬಿನಲ್ಲಿ ಅಪ್ರದಕ್ಷಿಣೆ" ಅನ್ನುವುದು ಈಗ ನಮ್ಮ ಕ್ಲಾಸಿನ ಮಂತ್ರ. ಉಡುಪಿಯಿಂದ ಬರುವ ಮಕ್ಕಳು ರಥಬೀದಿ ಸುತ್ತುವಾಗಲೂ ಇದೇ ನೆನಪಾಗುತ್ತದೆ ಅನ್ನುತ್ತಾರೆ. ಬಿಂದುಗಳು ಸುತ್ತುವ ಈ ಕ್ರಮವನ್ನೇ ನಾನು ವೈಂಡಿಂಗ್ ಆರ್ಡರ್ ಅಂತ ಎರಡು ವರ್ಷ ಬೋರ್ಡಿನ ಮೇಲೆ ಬರೆದೆ, ಯಾರ ತಲೆಗೂ ಹೋಗಿರಲಿಲ್ಲ.

ಕರೆಂಟು ಹೋದ ದಿನಗಳೂ ಕೆಟ್ಟವಲ್ಲ. ಜುಲೈಯಲ್ಲಿ ಒಂದು ಮಧ್ಯಾಹ್ನ ಹೋದದ್ದು ಬರಲೇ ಇಲ್ಲ. ಯುಪಿಎಸ್ ಹತ್ತು ನಿಮಿಷ ಕೂಗಿ ಸುಮ್ಮನಾಯಿತು. ಎಲ್ಲರಿಗೂ ಚೌಕುಳಿ ಪುಸ್ತಕ ತೆಗೆಯಲಿಕ್ಕೆ ಹೇಳಿದೆ. ಬ್ರೆಸೆನ್‌ಹ್ಯಾಮ್ 1962ರಲ್ಲಿ ಐಬಿಎಂನಲ್ಲಿ ಕೂತು ಕಾಗದದ ಮೇಲೆ ಗೆರೆ ಎಳೆಯುವ ಪ್ಲಾಟರ್ ಯಂತ್ರದ ಪೆನ್ನಿಗೋಸ್ಕರ ಮಾಡಿದ ಉಪಾಯ ಉಂಟಲ್ಲ, ಅದು. ಎಡ ಕೆಳಗಿನ ಚೌಕದಿಂದ ಹೊರಟು ಏಳು ಮನೆ ಬಲಕ್ಕೆ, ಮೂರು ಮನೆ ಮೇಲಕ್ಕೆ ಗೆರೆ ಹೋಗಬೇಕು. ಮಧ್ಯ ಯಾವ ಯಾವ ಚೌಕ ತುಂಬಿಸುತ್ತೀರಿ? ಭಾಗಾಕಾರ ಇಲ್ಲ, ದಶಾಂಶ ಇಲ್ಲ.

ಇದನ್ನು ಅಂಗಡಿಯ ಸಾಲದ ಲೆಕ್ಕದ ಹಾಗೆ ಹೇಳಿಕೊಟ್ಟೆ. ಬಲಕ್ಕೆ ಒಂದು ಹೆಜ್ಜೆ ಇಟ್ಟರೆ ಮೂರು ರೂಪಾಯಿ ಸಾಲ. ಸಾಲ ಏಳರ ಅರ್ಧ, ಮೂರೂವರೆ ದಾಟಿದ ಕೂಡಲೇ ಒಂದು ಮನೆ ಮೇಲೇರು, ಏಳು ರೂಪಾಯಿ ತೀರಿಸು. ಮೊದಲ ಹೆಜ್ಜೆಗೆ ಮೂರು, ಮೇಲೇರಬೇಡ. ಎರಡನೆಯದಕ್ಕೆ ಆರು, ಮೇಲೇರು, ಅಂಗಡಿಯವನೇ ಈಗ ಒಂದು ರೂಪಾಯಿ ಕೊಡಬೇಕು. ಮೂರನೆಯದಕ್ಕೆ ಎರಡು, ಸುಮ್ಮನಿರು. ನಾಲ್ಕನೆಯದಕ್ಕೆ ಐದು, ಮೇಲೇರು. ಹೀಗೇ ಹೋದರೆ ಏಳನೇ ಹೆಜ್ಜೆಗೆ ಸಾಲ ಸರಿಯಾಗಿ ಸೊನ್ನೆ. ಅರ್ಧ ರೂಪಾಯಿಯೂ ಬೇಡ ಅಂದರೆ ಎಲ್ಲವನ್ನೂ ದುಪ್ಪಟ್ಟು ಮಾಡು, ಪೂರ್ಣಾಂಕವೇ ಸಾಕು. "ಸರ್, ಇದು ನಮ್ಮ ಅಜ್ಜನ ದಿನಸಿ ಅಂಗಡಿ" ಅಂದ ಒಬ್ಬ. ಅರುವತ್ತು ಜನ ಅರೆಗತ್ತಲಲ್ಲಿ ಪೆನ್ಸಿಲ್ ಹಿಡಿದು ಚೌಕ ತುಂಬಿಸುತ್ತಿದ್ದರು, ಹೊರಗೆ ಮಳೆ. ಅಷ್ಟು ಒಳ್ಳೆ ಪಾಠ ಕರೆಂಟು ಇದ್ದಾಗ ನಾನು ಮಾಡಿಲ್ಲ.

ಇನ್ನು ನಮ್ಮ ಶನಿವಾರದ ಕೂಟದ ವಿಷಯ. ತಿಂಗಳಿಗೆ ಒಂದು ಶನಿವಾರ ಬಿಜೈ ಹತ್ತಿರ ಒಬ್ಬರ ಆಫೀಸಿನ ಮಾಳಿಗೆಯಲ್ಲಿ ಸೇರುತ್ತೇವೆ. ಹದಿನೈದು, ಜಾಸ್ತಿ ಅಂದರೆ ಇಪ್ಪತ್ತು ಜನ. ಒಬ್ಬರು ಬ್ಯಾಂಕ್ ಸಾಫ್ಟ್‌ವೇರ್, ಒಬ್ಬ ಮೀನಿನ ದೋಣಿಗೆ ಜಿಪಿಎಸ್ ಪೆಟ್ಟಿಗೆ ಮಾಡುವವನು, ಮಣಿಪಾಲದಿಂದ ಎಕ್ಸ್‌ಪ್ರೆಸ್ ಬಸ್ಸು ಹಿಡಿದು ಬರುವ ಮೂರು ಹುಡುಗಿಯರು. ಜಗಳ ತುಳುವಿನಲ್ಲಿ, ತಮಾಷೆ ಕೊಂಕಣಿಯಲ್ಲಿ, ಬ್ಯಾರಿಯಲ್ಲಿ ಪಿಸುಮಾತು, ವಿವರಣೆ ಕನ್ನಡದಲ್ಲಿ. ಬನ್ಸ್ ಬರುತ್ತದೆ, ಚಹಾ ಬರುತ್ತದೆ. ಬೆಂಗಳೂರಿನಲ್ಲಿ ನಾವು ಹೋಗುತ್ತಿದ್ದ ಮೀಟಪ್‌ಗಳಲ್ಲಿ ಅರ್ಧ ಜನ ಕೆಲಸ ಹುಡುಕಲಿಕ್ಕೆ, ಇನ್ನರ್ಧ ಕೆಲಸ ಕೊಡಲಿಕ್ಕೆ ಬರುತ್ತಿದ್ದರು, ಅಲ್ವಾ? ಇಲ್ಲಿ ಯಾರ ಹತ್ತಿರವೂ ಕೊಡಲಿಕ್ಕೆ ಕೆಲಸ ಇಲ್ಲ. ಅದರಿಂದ ಮಾತು ಸಲೀಸು. ನಮ್ಮಲ್ಲಿ ಒಂದು ರೂಢಿ ಬೆಳೆದಿದೆ: ಸರಿಯಾಗಿ ನಡೆಯುವ ಪ್ರೋಗ್ರಾಂ ತೋರಿಸಬಾರದು, ಕೆಟ್ಟು ಕೂತದ್ದನ್ನೇ ತೋರಿಸಬೇಕು. ಪ್ರೊಜೆಕ್ಟರ್ ಹಚ್ಚಿದ ಕೂಡಲೇ ಯಾರಾದರೂ "ದಾದ ಆಂಡ್?" ಅನ್ನುತ್ತಾರೆ. ಏನಾಯಿತು ಅಂತ. ಅಲ್ಲಿಂದ ಶುರು.

ಹೋದ ತಿಂಗಳು ನನ್ನ ಸರದಿ. ಒಂದು ಚಿಕ್ಕ ಆಟಕ್ಕೆ ಕನ್ನಡ ಅಕ್ಷರ ಬಿಡಿಸುವ ಕೋಡ್ ಬರೆದಿದ್ದೆ. ಇಂಗ್ಲಿಷಿಗೆ ಮಾಡುವ ಹಾಗೇ ಒಂದೊಂದು ಸಂಕೇತಕ್ಕೆ ಒಂದೊಂದು ಚಿತ್ರ, ಸಾಲಾಗಿ ಅಂಟಿಸುತ್ತಾ ಹೋದೆ. "ಉಡುಪಿ" ಪರವಾಗಿಲ್ಲ, ಪ ಪಕ್ಕದಲ್ಲಿ ಗುಡಿಸು ಬೇರೆಯಾಗಿ ನೇತಾಡುತ್ತಿತ್ತು, ಓದಬಹುದು. "ಕೃಷ್ಣ" ಅಂತ ಹಾಕಿದೆ ನೋಡು, ಎಲ್ಲ ಬಿದ್ದು ನಗಾಡಿದರು. ಕಂಪ್ಯೂಟರಿನಲ್ಲಿ ಅಕ್ಷರಗಳಿಗೆ ಸಂಕೇತ ಕೊಡುವ ಯೂನಿಕೋಡಿನಲ್ಲಿ ಅದು ಐದು ಸಂಕೇತ: ಕ, ವಟ್ರಸುಳಿ, ಷ, ಅರ್ಧಾಕ್ಷರ ಮಾಡುವ ವಿರಾಮ, ಣ. ಕಣ್ಣಿಗೆ ಕಾಣಬೇಕಾದದ್ದು ಎರಡೇ ಅಕ್ಷರ. ಣ ಒತ್ತಾಗಿ ಕೆಳಗೆ ಹೋಗಬೇಕು, ನನ್ನ ಕೋಡಿನಲ್ಲಿ ಅದು ಪಕ್ಕದಲ್ಲಿ ದೊಡ್ಡ ಮನುಷ್ಯನ ಹಾಗೆ ಕಾಲು ಚಾಚಿ ಕೂತಿತ್ತು. ಆಟ, ಎಂಜಿನ್ ಎಲ್ಲ ಬರೆದವನು ನಾನು, ನನ್ನ ಭಾಷೆಯ ಒತ್ತಕ್ಷರ ನನಗೇ ಬರಲಿಲ್ಲ! ಫಾಂಟಿನ ಒಳಗೆ ಯಾವುದರ ಜೊತೆ ಯಾವುದು ಸೇರಿದರೆ ಯಾವ ರೂಪ ಅನ್ನುವ ಕೋಷ್ಟಕಗಳಿವೆ. ಅವನ್ನು ಓದಿ ಸರಿಯಾದ ಆಕಾರ, ಸರಿಯಾದ ಜಾಗ ಹೇಳುವ ಹಾರ್ಫ್‌ಬಜ್ ಅನ್ನುವ ಲೈಬ್ರರಿ ಉಂಟು. ಮಣಿಪಾಲದ ಹುಡುಗಿಯರಲ್ಲಿ ಒಬ್ಬಳು ಅಲ್ಲೇ ಕೂತು ಅದನ್ನು ಜೋಡಿಸಿದಳು. ಅವಳ ಮನೆಮಾತು ಮಲಯಾಳ. ರಾತ್ರಿ ಎಂಟೂವರೆಗೆ ಕೃಷ್ಣ ಸರಿಯಾಗಿ ನಿಂತ. ಅವರು ಬಸ್ಸಿಗೆ ಓಡಿದರು.

ನಿನಗೆ ನಿಜವಾಗಿ ಬರೆಯಬೇಕು ಅಂದುಕೊಂಡದ್ದು ಪಿಲಿಯ, ಅಂದರೆ ತುಳುವಿನ ಹುಲಿಯ, ವಿಷಯ. ಕೊನೆಗೆ ಬಂತು, ನೋಡು.

ಒಬ್ಬ ವಿದ್ಯಾರ್ಥಿಯ ಮನೆಯವರು ಹುಲಿವೇಷ ಹಾಕುವವರು. ಅವನ ಮಾವ ಬಣ್ಣ ಬರೆಯುತ್ತಾರೆ. ಅಷ್ಟಮಿ, ದಸರಾ ಬಂದರೆ ರಾತ್ರಿಯಿಡೀ ಕೆಲಸ. ವೇಷದವನು ಕೈ ಅಗಲಿಸಿ ಕೋಲಿನ ಆಸರೆಯಲ್ಲಿ ಗಂಟೆಗಟ್ಟಲೆ ನಿಲ್ಲಬೇಕು, ಒಂದು ಪದರ ಒಣಗಿದ ಮೇಲೆ ಇನ್ನೊಂದು. ಹುಡುಗ ಪ್ರಾಜೆಕ್ಟಿಗೆ ಏನು ಮಾಡಲಿ ಅಂತ ಕೇಳಿದಾಗ, ಗಣಿತಜ್ಞ ಟ್ಯೂರಿಂಗ್ 1952ರಲ್ಲಿ ಪ್ರಾಣಿಗಳ ಮೈಮೇಲಿನ ಪಟ್ಟೆ, ಚುಕ್ಕೆಗಳ ಬಗ್ಗೆ ಬರೆದ ಲೇಖನದ ಕತೆ ಹೇಳಿದೆ. ಎರಡು ರಾಸಾಯನಿಕಗಳು. ಒಂದು ಬೇಗ ಹರಡುತ್ತದೆ, ಒಂದು ನಿಧಾನ. ಒಂದನ್ನೊಂದು ಬೆಳೆಸುತ್ತಾ, ತಡೆಯುತ್ತಾ ಹೋದರೆ ಯಾರೂ ಬರೆಯದೆ ತಾನಾಗಿ ಚಿತ್ತಾರ ಮೂಡುತ್ತದೆ. ಜಿಪಿಯುಗೆ ಹೇಳಿ ಮಾಡಿಸಿದ ಕೆಲಸ. ಎರಡು ಟೆಕ್ಸ್ಚರ್, ಅಂದರೆ ಜಿಪಿಯು ಒಳಗಿನ ಚಿತ್ರ, ಇಟ್ಟುಕೊಂಡು ಒಂದರಿಂದ ಓದಿ ಇನ್ನೊಂದಕ್ಕೆ ಬರೆಯುವುದು, ಮುಂದಿನ ಸಲ ತಿರುಗಾಮುರುಗಾ.

ಇಂಥ ಎರಡು ರಾಸಾಯನಿಕಗಳ ಲೆಕ್ಕದ ಗ್ರೇ-ಸ್ಕಾಟ್ ಸೂತ್ರ ಹಿಡಿದು ಹುಡುಗ ಹತ್ತೇ ದಿನದಲ್ಲಿ ಮಾಡಿದ. ಅದರಲ್ಲಿ ಎರಡು ಅಂಕಿ ಮುಖ್ಯ: ಒಂದು ರಾಸಾಯನಿಕವನ್ನು ಎಷ್ಟು ಬೇಗ ತುಂಬಿಸುವುದು, ಇನ್ನೊಂದನ್ನು ಎಷ್ಟು ಬೇಗ ತೆಗೆಯುವುದು. 0.0545, 0.062 ಕೊಟ್ಟರೆ ಗೆರೆ ಗೆರೆಯಾಗಿ ಬೆಳೆಯುತ್ತದೆ. 0.0367, 0.0649 ಕೊಟ್ಟರೆ ಚುಕ್ಕೆಗಳು ಒಡೆದು ಒಡೆದು ಹರಡುತ್ತವೆ. ಪಟ್ಟೆಪಿಲಿಯನ್ನು ಚುಕ್ಕೆಯ ಚಿಟ್ಟೆಪಿಲಿ ಮಾಡಲಿಕ್ಕೆ ಇಷ್ಟೇ ಸಾಕು! ನನಗೆ ಅವತ್ತು ನಿದ್ದೆ ಬರಲಿಲ್ಲ.

ಶನಿವಾರದ ಕೂಟಕ್ಕೆ ಅವನು ಮಾವನನ್ನೇ ಕರೆದುಕೊಂಡು ಬಂದ. ಅವರು ಪ್ರೊಜೆಕ್ಟರಿನ ಹತ್ತಿರ ಹೋಗಿ ತುಂಬ ಹೊತ್ತು ನೋಡಿದರು. ಮನುಷ್ಯನ ಆಕಾರದ ಮೇಲೆ ಪಟ್ಟೆ ಬೆಳೆಯುತ್ತಾ ಇತ್ತು. "ಇದು ಪಿಲಿ ಅಲ್ಲ, ಹಲಸಿನ ಹಣ್ಣು ಕೊಳೆತ ಹಾಗೆ ಉಂಟು" ಅಂದರು. ಆಮೇಲೆ ಬನ್ಸ್ ತಿಂದು ನಿಧಾನಕ್ಕೆ ವಿವರಿಸಿದರು. ಪಟ್ಟೆ ಬೆನ್ನುಹುರಿಯಿಂದ ಹೊರಟು ಪಕ್ಕೆಗೆ ಇಳಿಯಬೇಕು. ತೋಳಿನಲ್ಲಿ ಉಂಗುರದ ಹಾಗೆ ಸುತ್ತಬೇಕು. ತಾಸೆ ವಾದ್ಯದ ತಾಳಕ್ಕೆ ಕುಣಿಯುವಾಗ ಪಟ್ಟೆಯೂ ಕುಣಿಯಬೇಕು, ಇಲ್ಲದಿದ್ದರೆ ಎಂತದಕ್ಕೆ? ಹುಡುಗ ಅದನ್ನೆಲ್ಲ ಬರೆದುಕೊಂಡ. ಎಲ್ಲ ದಿಕ್ಕಿಗೂ ಒಂದೇ ವೇಗದಲ್ಲಿ ಹರಡುವ ಬದಲು ಪಕ್ಕೆಯ ಕಡೆಗೆ ಜಾಸ್ತಿ ಹರಡುವ ಹಾಗೆ ಈಗ ಬದಲಾಯಿಸಿದ್ದಾನೆ. ಹಲಸಿನ ಹಣ್ಣು ಹೋಗಿ ಅರ್ಧ ಪಿಲಿ ಬಂದಿದೆ.

ಇನ್ನರ್ಧ ಸಿಕ್ಕಿಬಿದ್ದಿರುವುದು ಕಂಕುಳಲ್ಲಿ. ಮೈಯನ್ನು ಅಂಗಿಯ ಹೊಲಿಗೆ ಬಿಚ್ಚಿದ ಹಾಗೆ ಬಿಡಿಸಿ ಚಪ್ಪಟೆ ಹಾಸುತ್ತೇವಲ್ಲ, ಆ ಹೊಲಿಗೆ ಕೂಡುವಲ್ಲಿ ಪಟ್ಟೆ ಕತ್ತರಿಸಿದ ಹಾಗೆ ನಿಂತುಬಿಡುತ್ತದೆ. ಈಚೆ ಅಂಚಿಗೆ ಆಚೆ ಅಂಚು ತನ್ನ ಪಕ್ಕದ್ದೇ ಅಂತ ಗೊತ್ತಿಲ್ಲ. ಮಾವ ಕೇಳಿದರು, "ಕಂಕುಳಲ್ಲಿ ಹೊಲಿಗೆ ಯಾಕೆ? ಮನುಷ್ಯನಿಗೆ ಹೊಲಿಗೆ ಉಂಟಾ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಆಗ ನೀನು ನೆನಪಾದೆ. ಆ ಹಳೆ ಆಟದಲ್ಲಿ ಬಟ್ಟೆಯ ಮೇಲಿನ ಕೊಳೆಗೆ ಇದೇ ತೊಂದರೆ ಬಂದಾಗ ನೀನು ಏನೋ ಮಾಡಿದ್ದೆ. ಕೋಡ್ ಬೇಡ, ಅದು ಕಂಪನಿಯದ್ದು. ಹೇಗೆ ಯೋಚಿಸಿದೆ ಅಂತ ಹೇಳಿದರೆ ಸಾಕು.

ಫೋನಿನಲ್ಲಿ ಬೇಡ. ಅಷ್ಟಮಿಗೆ ಬಂದುಬಿಡು, ಮಾರನೆ ದಿನ ವಿಟ್ಲಪಿಂಡಿಗೆ ಉಡುಪಿಯ ರಥಬೀದಿಯಲ್ಲಿ ಪಿಲಿಗಳು ಇರುತ್ತವೆ. ಮಾವ ಹಿಂದಿನ ರಾತ್ರಿ ಬಣ್ಣ ಬರೆಯುವಾಗ ಬಂದು ನೋಡಿ ಅಂದಿದ್ದಾರೆ. ಕಂಕುಳಿನ ಹತ್ತಿರ ಅವರು ಕುಂಚ ಹೇಗೆ ತಿರುಗಿಸುತ್ತಾರೆ ಅಂತ ನಾವಿಬ್ಬರೂ ನೋಡಬೇಕು. ಲ್ಯಾಪ್‌ಟಾಪ್ ತಾ. ಕೊಡೆಯೂ ತಾ, ಹೋದ ಸಲ ನನ್ನದನ್ನು ತೆಗೆದುಕೊಂಡು ಹೋದವನು ನೀನೇ.

ನಿನ್ನವನೇ